ಎರಡು ಮರಿಗಳ ನಡುವೆ ಮಸಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದ ದೂರು ನಾಯಿಯದೆಂದು ತಿಳಿದ ಕೂಡಲೇ ಇನ್ಸ್‌ಪೆಕ್ಟರ್ ಅದನ್ನು ದಫೇದಾರನ ಮೇಜಿಗೆ ತಳ್ಳಲು ನೋಡಿದರು. ಕೊಲೆಗಾರರನ್ನು ಕತ್ತಿನಪಟ್ಟಿ ಹಿಡಿದು ಎಳೆದು ತಂದ ಮನುಷ್ಯ, ನಾಯಿ ಬೊಗಳಿದರೆ ಮಾತ್ರ ರಸ್ತೆ ದಾಟಿ ಆಚೆ ಬದಿಗೆ ಹೋಗುವವರು. ಇದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ದಫೇದಾರ ಮಾತ್ರ ಆಗಾಗ ಬಿಡುತ್ತಿದ್ದ.

“ಸರ್, ಇದು ಬೀದಿನಾಯಿ ಅಲ್ಲ. ಕಣ್ಣು ಕಾಣದೋರಿಗೆ ದಾರಿ ತೋರ್ಸೋ ನಾಯಿ. ಓದಿದ ನಾಯಿ. ನಿಮ್ಮನ್ನ ಕಚ್ಚೋಕೆ ಅದಕ್ಕೆ ಪುರುಸೊತ್ತಿರಲ್ಲ” ಎಂದ.

ದೂರು ತಂದವರು ಇಬ್ಬರು. ಒಬ್ಬಳು ಊರಂಚಿನ ದಾರಿನಾಯಿ ಶಾಲೆಯ ಮುಖ್ಯಸ್ಥೆ. ಅವಳ ಮೊಣಕೈ ಹಿಡಿದು ಬಂದವನು ಪಿಯಾನೊಗಳ ಶ್ರುತಿ ಸರಿಮಾಡುವ ಕಸುಬಿನವನು, ಹುಟ್ಟಿನಿಂದ ಕಣ್ಣು ಕಾಣದವನು. ಎಲ್ಲರೂ ಅವನನ್ನು ಶ್ರುತಿಗಾರ ಎಂದೇ ಕರೆಯುತ್ತಿದ್ದರು. ಕುರ್ಚಿ ತೋರಿಸಿದಾಗ ಅದರ ಬೆನ್ನನ್ನು ಬೆರಳಿಂದ ಒಮ್ಮೆ ತಟ್ಟಿ, “ಒಂದು ಕಾಲು ಗಿಡ್ಡ ಇದೆ” ಎಂದು ಹೇಳಿ ಕುಳಿತ. ನಿಜಕ್ಕೂ ಗಿಡ್ಡವಿತ್ತು.

ಮುಖ್ಯಸ್ಥೆ ಹೇಳಿದ್ದು ಇಷ್ಟು. ಮಸಿ ಎಂಬ ಕಪ್ಪು ನಾಯಿ, ಎರಡೂವರೆ ವರ್ಷದ್ದು, ಶ್ರುತಿಗಾರನ ಜೊತೆ ಮೂರು ವಾರ ಪಳಗಿತ್ತು. ಇವತ್ತು ಅವನ ಮನೆಗೆ ಹೋಗಬೇಕಿತ್ತು. ಬೆಳಿಗ್ಗೆ ಹಾಜರಿ ಓದುವಾಗ ಕಂಪ್ಯೂಟರಿನಲ್ಲಿ ಇದೆ, ಗೂಡಿನಲ್ಲಿ ಇಲ್ಲ. ಬೀಗ ಒಡೆದಿಲ್ಲ, ಬೇಲಿ ಹರಿದಿಲ್ಲ.

“ಬೇರೆ ನಾಯಿ ಕೊಡೋಕಾಗಲ್ವಾ?” ಇನ್ಸ್‌ಪೆಕ್ಟರ್ ಕೇಳಿದರು.

“ಹೊಂದೋ ನಾಯಿ ಸಿಗೋಕೆ ಇನ್ನೊಂದು ವರ್ಷ ಆಗುತ್ತೆ.”

ಶ್ರುತಿಗಾರ ದನಿ ಬಂದ ಕಡೆಗೆ ಮುಖ ತಿರುಗಿಸಿದ. “ನನ್ನ ತಂಗಿ ಇಷ್ಟು ವರ್ಷ ನನ್ನ ಕೈ ಹಿಡಿದು ಮನೆಮನೆಗೆ ಕರ್ಕೊಂಡು ಹೋಗಿದಾಳೆ ಸರ್. ಭಾನುವಾರ ಅವಳ ಮದುವೆ. ಗಂಡನ ಊರು ದೂರ. ನನಗೋಸ್ಕರ ಎರಡು ಸಲ ಮದುವೆ ಮುಂದಕ್ಕೆ ಹಾಕಿದಾಳೆ. ನಾಯಿ ಇಲ್ಲ ಅಂತ ಗೊತ್ತಾದ್ರೆ ಮೂರನೇ ಸಲ ಹಾಕ್ತಾಳೆ. ಹುಡುಗನೂ ಎಷ್ಟು ಅಂತ ಕಾಯ್ತಾನೆ?”

“ಅವಳಿಗೆ ಹೇಳಿದೀರಾ?”

“ಇಲ್ಲ. ಶಾಲೆಲಿ ಇನ್ನೂ ನಾಲ್ಕು ದಿನ ಕೆಲಸ ಇದೆ ಅಂತ ಸುಳ್ಳು ಹೇಳಿದೀನಿ. ಶನಿವಾರದವರೆಗೆ ಆ ಸುಳ್ಳು ಬಾಳಿಕೆ ಬರುತ್ತೆ.”

ಹನ್ನೊಂದೂಕಾಲಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ಸ್ವತ್ತು ಎಂಬಲ್ಲಿ ದಫೇದಾರ “ನಾಯಿ, ಒಂದು” ಎಂದು ಬರೆದ.

ಶಾಲೆ ಅಚ್ಚುಕಟ್ಟಾಗಿತ್ತು. ನಡುವೆ ಸಿಮೆಂಟಿನ ಅಂಗಳ, ಒಂದು ಬದಿಗೆ ಸಾಲಾಗಿ ಗೂಡುಗಳು, ತುದಿಯಲ್ಲಿ ಹೊಸದಾಗಿ ಬಂದ ನಾಯಿಗಳನ್ನು ಬೇರೆ ಇಡುವ ಕೋಣೆ. ಅಂಗಳದಲ್ಲಿ ನಿಜವಾದ ರಸ್ತೆಯ ಹಾಗೆ ಕಾಲುದಾರಿ, ಮೆಟ್ಟಿಲು, ಸುಮ್ಮನೆ ನಿಲ್ಲಿಸಿದ ಸೈಕಲ್ಲುಗಳು. ನಾಯಿಗಳು ಇನ್ಸ್‌ಪೆಕ್ಟರನ್ನು ನೋಡಿದವು, ಒಂದೂ ಬೊಗಳಲಿಲ್ಲ. ಅದು ಅವರಿಗೆ ಇನ್ನಷ್ಟು ಗಾಬರಿ ತಂದಿತು.

ಸ್ಥಳ ಪಂಚನಾಮೆಗೆ ಎದುರಿನ ಬೇಕರಿಯವನೂ ಅಂಚೆಯವನೂ ಸಾಕ್ಷಿಗಳಾಗಿ ನಿಂತರು. ಮಸಿಯ ಗೂಡು ಗೇಟಿನಿಂದ ನಾಲ್ಕನೆಯದು. ಚಿಲಕ ಸರಿಯಾಗಿದೆ, ಕಂಬಳಿ ಮಡಿಸಿಟ್ಟಿದೆ. ಮಡಿಸಿದ ಕಂಬಳಿಯನ್ನು ಇನ್ಸ್‌ಪೆಕ್ಟರ್ ಎರಡು ಸಲ ನೋಡಿದರು. ಕದಿಯಲು ಬಂದವನು ಹಾಸಿಗೆ ಸುತ್ತಿಟ್ಟು ಹೋಗುವುದನ್ನು ಅವರು ಎಲ್ಲೂ ಕಂಡಿರಲಿಲ್ಲ.

ಸಂಜೆ ಆರರಿಂದ ಬೆಳಿಗ್ಗೆವರೆಗೆ ಗೇಟಿನ ಕೀಲಿ ಇರುತ್ತಿದ್ದುದು ಕಾವಲುಗಾರನ ಬಳಿ ಮಾತ್ರ. ಗುಂಡು ಕಣ್ಣಿನ ಅವನಿಗೆ ಗೂಬೆ ಎಂದು ಹೆಸರು ಬಿದ್ದಿತ್ತು. ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ಮಧ್ಯಾಹ್ನ ಮೂರಕ್ಕೆ ಅವನನ್ನು ಠಾಣೆಗೆ ಕರೆಸಿದರು.

“ನಿನ್ನೆ ಸಂಜೆ ನಾಯಿಗಳನ್ನ ಎಣಿಸಿದ್ಯಾ?”

“ಎಣಿಸ್ದೆ ಸರ್. ಇಪ್ಪತ್ತಾರು.”

“ಇರಬೇಕಾದ್ದು ಇಪ್ಪತ್ತೇಳು.”

“ಕಂಪ್ಯೂಟರ್ ತೆರೆ ಮೇಲೂ ಇಪ್ಪತ್ತಾರು ಅಂತಲೇ ಇತ್ತು. ಎರಡೂ ತಾಳೆ ಬಂತು, ಗುರುತು ಹಾಕ್ದೆ.”

“ಮಸಿ ಇರಲಿಲ್ಲ ಅಂತ ಗೊತ್ತಾಗ್ಲಿಲ್ವಾ?”

“ನನಗೆ ಇನ್ನೂ ಹೆಸರು ಬರಲ್ಲ ಸರ್. ಕಪ್ಪು ನಾಯಿಗಳೇ ಒಂಬತ್ತಿವೆ. ಎಲ್ಲಾ ನನ್ನನ್ನೇ ನೋಡ್ತವೆ.”

ಅವನು ಹೊರಗೆ ಹೋದ ಮೇಲೆ ದಫೇದಾರ ತಲೆ ಆಡಿಸಿದ. “ಬೆಳಿಗ್ಗೆ ಮುಖ್ಯಸ್ಥೆ ನೋಡಿದಾಗ ತೆರೆ ಮೇಲೆ ಮಸಿ ಇತ್ತು. ಸಂಜೆ ಇರಲಿಲ್ಲ ಅಂತಾನೆ ಇವನು. ಸುಳ್ಳು ಹೇಳೋಕೂ ಒಂದು ಲೆಕ್ಕ ಬೇಡ್ವಾ?”

“ಇಷ್ಟು ದಡ್ಡ ಸುಳ್ಳನ್ನ ಯಾವ ಕಳ್ಳನೂ ಹೇಳಲ್ಲ” ಎಂದರು ಇನ್ಸ್‌ಪೆಕ್ಟರ್. “ಅದಕ್ಕೇ ನಿಜ ಇರಬಹುದು ಅನ್ಸುತ್ತೆ.”

ಆದರೂ ಶಾಲೆಯವರು ಅಂದೇ ಗೂಬೆಯನ್ನು ಕೆಲಸದಿಂದ ನಿಲ್ಲಿಸಿದರು. ಅವನು ಟೋಪಿ ಬಿಚ್ಚಿ ಗೇಟಿನ ಮೊಳೆಗೆ ಸಿಕ್ಕಿಸಿ ಹೋದನೆಂದು ಬೇಕರಿಯವನು ಹೇಳಿದ. ಇನ್ಸ್‌ಪೆಕ್ಟರಿಗೆ ಅದನ್ನು ಕೇಳಿ ಬೇಸರವಾಯಿತು.

ಬುಧವಾರ ಬೆಳಿಗ್ಗೆ ಅವರು ಮತ್ತೆ ಶಾಲೆಗೆ ಹೋದಾಗ ಅಂಗಳದ ತುಂಬ ಗೊಣಗಾಟ ಕೇಳುತ್ತಿತ್ತು. ನಾಯಿಗಳಿಗೆ ಉಣ್ಣಿಸುವ ಹೆಂಗಸು ಅದು, ತಟ್ಟೆಯಮ್ಮ. ತಳ್ಳುಗಾಡಿಯ ಮೇಲೆ ತಟ್ಟೆಗಳ ಗೋಪುರ, ಪಕ್ಕದಲ್ಲಿ ಕಂಪ್ಯೂಟರಿನಿಂದ ತೆಗೆದ ಹಾಳೆ.

“ಏನಾಯ್ತಮ್ಮ?” ಎಂದರು ಇನ್ಸ್‌ಪೆಕ್ಟರ್, ಗಾಡಿಯನ್ನು ತಮಗೂ ನಾಯಿಗಳಿಗೂ ನಡುವೆ ಇರುವಂತೆ ನೋಡಿಕೊಂಡು.

“ಆಗೋದೇನು? ಯಾರು ಮೊದಲು ಬಂದ್ರೋ ಅವರ ಗೂಡು ಮೊದಲು, ಅದೇ ಸಾಲಿನಲ್ಲಿ ಹಾಳೆ ಬರಬೇಕು ಅಂತ ಅಂಗಲಾಚಿ ಸರಿಮಾಡಿಸ್ಕೊಂಡೆ. ಗಾಡಿ ಒಂದೇ ಸಲ ಈ ತುದಿಯಿಂದ ಆ ತುದಿಗೆ ಹೋಗ್ಬೇಕು. ಒಂದು ತಿಂಗಳು ಸುಖವಾಗಿದ್ದೆ. ನಿನ್ನೆಯಿಂದ ಮತ್ತೆ ಕೆಟ್ಟಿದೆ.”

“ಏನು ಕೆಟ್ಟಿದೆ?”

“ಮಸಿ ನಾಲ್ಕನೇದು. ಈಗ ನೋಡಿ, ಹಾಳೆಯ ಕೊನೇಲಿ ಹೋಗಿ ಕೂತಿದೆ. ನಿನ್ನೆ ಬಂದ ಎರಡು ಮರಿಗಳ ಮಧ್ಯೆ. ಮರಿ, ಮಸಿ, ಮರಿ. ಪಾಪ, ನಾಯಿ ಇಲ್ಲ ಅನ್ನೋ ಸಂಕಟ ನನಗೂ ಇದೆ. ಆದ್ರೆ ಇದ್ದಿದ್ರೆ ನಾನು ಆ ತುದಿಯಿಂದ ಮತ್ತೆ ಇಲ್ಲಿಗೆ ಓಡಿ ಬರಬೇಕಿತ್ತಲ್ಲ?”

ಇನ್ಸ್‌ಪೆಕ್ಟರ್ ಹಾಳೆಯನ್ನು ಕೇಳಿ ಪಡೆದು, ದಫೇದಾರನಿಗೆ ಜೀಪು ತೆಗೆಯಲು ಹೇಳಿದರು.

ಶಾಲೆಯ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದವಳ ಕಚೇರಿ ಚಪ್ಪಲಿ ಅಂಗಡಿಯ ಮೇಲಿನ ಕೋಣೆ. ಮೂವತ್ತರ ಹೆಂಗಸು, ಮೂಗಿನ ತುದಿಯಲ್ಲೇ ಸಿಟ್ಟು. ಹಾಳೆ ನೋಡಿದವಳೇ, “ನನ್ನ ಪ್ರೋಗ್ರಾಮಲ್ಲಿ ತಪ್ಪಿಲ್ಲ” ಎಂದಳು.

“ತಪ್ಪಿದೆ ಅಂತ ನಾನು ಹೇಳಿಲ್ಲ. ಹೇಗೆ ಕೆಲಸ ಮಾಡುತ್ತೆ ಹೇಳಿ. ನಾನು ಓದಿದ್ದು ಕಾನೂನು, ಅದೂ ಮೂರನೇ ದರ್ಜೆಲಿ.”

ಅವಳ ಸಿಟ್ಟು ಸ್ವಲ್ಪ ಇಳಿಯಿತು. “ಪ್ರತಿ ನಾಯಿನೂ ಒಂದು ಆಬ್ಜೆಕ್ಟ್ ಸರ್. ಡಬ್ಬಿ ಅಂದ್ಕೊಳ್ಳಿ. ಹೆಸರು, ತೂಕ, ಔಷಧಿ, ಈಗ ಎಲ್ಲಿದೆ ಅನ್ನೋದು, ಎಲ್ಲಾ ಡಬ್ಬಿ ಒಳಗೇ. ಮೇಲೆ ನಾಯಿಯ ಬಿಲ್ಲೆ ನಂಬರ್. ಅದು ಕೀ. ಕೀ ಕೊಟ್ರೆ ಡಬ್ಬಿ ಕೈಗೆ ಬರುತ್ತೆ. ಹೀಗೆ ಜೋಡಿ ಜೋಡಿಯಾಗಿ ಇಟ್ಕೊಳ್ಳೋದನ್ನ ಮ್ಯಾಪ್ ಅಂತೀವಿ.”

“ಸರಿ. ಸಾಲು?”

“ಅದರಲ್ಲಿ ಬೇರೆ ಬೇರೆ ಥರ ಇವೆ. ಒಂದಕ್ಕೆ ಸಾಲೇ ಇಲ್ಲ, ಹೇಗೆ ಬೇಕಾದ್ರೂ ಕೊಡುತ್ತೆ. ಇನ್ನೊಂದು ನಂಬರ್ ಪ್ರಕಾರ ಜೋಡಿಸಿ ಕೊಡುತ್ತೆ. ಮೊದಲು ಅಲ್ಲಿದ್ದಿದ್ದು ಅದೇ. ಮರಿ ಹುಟ್ಟಿದಾಗಲೇ ನಂಬರ್ ಕೊಡ್ತಾರೆ, ಶಾಲೆಗೆ ಬರೋದು ಯಾವಾಗ್ಲೋ. ಆ ಸಾಲಿಂದ ತಟ್ಟೆಯಮ್ಮನ ಕಾಲು ಸವೆದು ಹೋಗ್ತಿತ್ತು. ಅದಕ್ಕೆ ಹೋದ ತಿಂಗಳು ಮೂರನೇ ಥರದ್ದು ಹಾಕ್ದೆ. ಯಾವುದನ್ನ ಮೊದಲು ಸೇರಿಸ್ತೀವೋ ಅದೇ ಮೊದಲು. ಸೇರಿಸಿದ ಸಾಲನ್ನ ಅದು ಮರೆಯಲ್ಲ.”

“ಹಾಗಾದ್ರೆ ಮಸಿ ಹೇಗೆ ಕೊನೆಗೆ ಹೋಯ್ತು? ತೂಕ ಗೀಕ ತಿದ್ದಿದ್ರೆ?”

“ತಿದ್ದಿದ್ರೆ ಜಾಗ ಕದಲಲ್ಲ. ಅದೇ ಕೀಗೆ ಇಡೀ ಡಬ್ಬಿನೇ ಬದಲಾಯ್ಸಿ, ಆಗಲೂ ಕದಲಲ್ಲ. ಒಂದೇ ದಾರಿ. ಮಸಿಯನ್ನ ಪೂರ್ತಿ ತೆಗೆದುಹಾಕಿ, ಆಮೇಲೆ ಮತ್ತೆ ಸೇರಿಸಿದಾರೆ. ಸಾಲಿಂದ ಎದ್ದು ಹೋದೋನು ವಾಪಸ್ ಬಂದ್ರೆ ಕೊನೇಲಿ ತಾನೇ ನಿಲ್ಲಬೇಕು?”

ದಫೇದಾರ ಮುಂದಕ್ಕೆ ಬಾಗಿದ. “ಯಾರು, ಎಷ್ಟು ಗಂಟೆಗೆ ಅಂತ ಇರುತ್ತಾ?”

“ಇಲ್ಲ. ಅವರು ಕೇಳಿರಲಿಲ್ಲ, ನಾನು ಹಾಕಿಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದನ್ನೂ ಗೋಡೆಗೆ ಅಂಟಿಸಿದಾರೆ. ಗಂಟೆ ನಿಮಿಷ ಮ್ಯಾಪಿಗೆ ಗೊತ್ತಿಲ್ಲ. ಯಾರಾದ ಮೇಲೆ ಯಾರು, ಅಷ್ಟೇ ಗೊತ್ತು.”

“ಅಷ್ಟು ಸಾಕು” ಎಂದರು ಇನ್ಸ್‌ಪೆಕ್ಟರ್. ಅವರ ಮುಖ ಅರಳಿತ್ತು. ಗೂಬೆ ಹೇಳಿದ ದಡ್ಡ ಸುಳ್ಳು ನಿಜವಾಗಿತ್ತು. ಸೋಮವಾರ ಸಂಜೆ ತೆರೆಯ ಮೇಲೆ ಮಸಿ ಇರಲೇ ಇಲ್ಲ.

ಮಧ್ಯಾಹ್ನ ಅದೇ ಬೇಕರಿಯವನನ್ನೂ ಅಂಚೆಯವನನ್ನೂ ಕೂರಿಸಿಕೊಂಡು ಎರಡನೆಯ ಪಂಚನಾಮೆ ನಡೆಯಿತು. ಪ್ರೋಗ್ರಾಮಿನ ನಕಲಿನಲ್ಲಿ ಪ್ರೋಗ್ರಾಮರ್ ಮೊದಲು ಒಂದು ನಾಯಿಯ ತೂಕ ಬದಲಿಸಿದಳು. ನಾಯಿ ಇದ್ದಲ್ಲೇ ಇತ್ತು. ಅದನ್ನೇ ತೆಗೆದುಹಾಕಿ ಮತ್ತೆ ಸೇರಿಸಿದಳು. ಕೊನೆಗೆ ಹೋಯಿತು. ಅಂಚೆಯವನು ನಂಬದೆ ತಾನೇ ಒಂದು ಸಲ ಮಾಡಿ ನೋಡಿ, ನಂಬಿ ಸಹಿ ಹಾಕಿದ. ಸುಖಾಸುಮ್ಮನೆ ಅರ್ಧ ದಿನ ಹೋಯಿತೆಂದು ಬೇಕರಿಯವನು ಗೊಣಗಿದರೂ ಅವನ ಕಣ್ಣು ತೆರೆಯಿಂದ ಕದಲಿರಲಿಲ್ಲ.

ಇನ್ನು ಉಳಿದದ್ದು ಎರಡು ಮರಿಗಳು. ಸಾಕುವವರ ಮನೆ ಸಿಗುವವರೆಗೆ ಇರಲೆಂದು ಮಂಗಳವಾರ ಬೆಳಿಗ್ಗೆ ಏಳರ ಸುಮಾರಿಗೆ ಅವು ಬಂದಾಗ ಅಲ್ಲಿದ್ದವರು ಪಶುವೈದ್ಯ ಮತ್ತು ನಾಯಿಮನೆಯ ಮೇಲ್ವಿಚಾರಕಿ. ಶಾಲೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಅಲ್ಲಿದ್ದವಳು, ನಾಯಿಗೆ ಸೀನು ಬಂದರೆ ತಾನು ಮೂಗು ಒರೆಸಿಕೊಳ್ಳುವವಳು. ಇನ್ಸ್‌ಪೆಕ್ಟರ್ ವೈದ್ಯನನ್ನು ಮೊದಲು ಕರೆದರು.

“ಮರಿಗಳ ವಿವರ ಕಂಪ್ಯೂಟರಿಗೆ ಹಾಕಿದ್ದು ಯಾರು?”

“ನಾನು ತಕ್ಕಡಿ ಹತ್ರ ಇದ್ದೆ. ತೂಕ ಕೂಗಿ ಹೇಳ್ತಿದ್ದೆ, ದೊಡ್ಡಕ್ಕ ಹಾಕ್ತಿದ್ರು.”

“ಎರಡನ್ನೂ ಒಟ್ಟಿಗೇ?”

“ಇಲ್ಲ. ಮೊದಲನೇದು ಆಯ್ತು. ಎರಡನೇದನ್ನ ಎತ್ಕೊಂಡೆ, ನನ್ನ ಕೋಟಿನ ಮೇಲೆ ಉಚ್ಚೆ ಹೊಯ್ದುಬಿಡ್ತು. ಜೇಬೊಳಗೆಲ್ಲ ಇಳೀತು. ತೊಳ್ಕೊಂಡು ಬರೋಕೆ ಹೋದೆ. ಬಂದ ಮೇಲೆ ಎರಡನೇದರ ತೂಕ ಹೇಳ್ದೆ.”

“ಆ ಹೊತ್ತಿನಲ್ಲಿ ಕಂಪ್ಯೂಟರ್ ಹತ್ರ?”

“ದೊಡ್ಡಕ್ಕ ಒಬ್ರೇ” ಎಂದ ವೈದ್ಯ, ಎಂದವನೇ ಬಾಯಿ ಮುಚ್ಚಿಕೊಂಡ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಯಿತಲ್ಲ ಎಂದು ಹೊರಗೆ ದಫೇದಾರ ಲೊಚಗುಟ್ಟಿದ. ಇನ್ಸ್‌ಪೆಕ್ಟರಿಗೆ ಮಡಿಸಿದ ಕಂಬಳಿಯ ಅರ್ಥ ಈಗ ಆಯಿತು. ಇಪ್ಪತ್ತು ವರ್ಷದ ಅಭ್ಯಾಸ, ಕದಿಯುವಾಗಲೂ ಕೈ ಬಿಟ್ಟಿರಲಿಲ್ಲ.

ನಾಲ್ಕು ಗಂಟೆಗೆ ದೊಡ್ಡಕ್ಕನ ವಿಚಾರಣೆ. ಶಾಲೆಯ ಕಚೇರಿಯಲ್ಲೇ, ಮಹಿಳಾ ಪೇದೆಯ ಎದುರಿಗೆ.

“ಸೋಮವಾರ ಸಂಜೆ ಎಷ್ಟಕ್ಕೆ ಹೊರಟ್ರಿ?”

“ಐದಕ್ಕೆ. ಕಂಬಳಿಗಳನ್ನ ಒಗೆಯೋಕೆ ಹಾಕಬೇಕಿತ್ತು. ವ್ಯಾನಿನಲ್ಲಿ.”

“ವ್ಯಾನಿನಲ್ಲಿ ಕಂಬಳಿ ಮಾತ್ರ ಇತ್ತಾ?”

ಇನ್ಸ್‌ಪೆಕ್ಟರ್ ಹಾಳೆಯನ್ನು ಅವಳ ಮುಂದಿಟ್ಟು ಕೊನೆಯ ಮೂರು ಹೆಸರುಗಳ ಮೇಲೆ ಬೆರಳಿಟ್ಟರು. ಅವಳು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಮೊದಲೆಲ್ಲ ಎಷ್ಟೋ ಸಲ ತೆಗೆದು ಹಾಕಿದೀನಿ. ತಪ್ಪಾಗಿ ಹಾಕಿದ್ದನ್ನ ಅಳಿಸಿ ಮತ್ತೆ ಹಾಕ್ತಿದ್ವಿ. ಯಾವಾಗ ಹಾಕಿದ್ರೂ ಅದರ ನಂಬರಿನ ಜಾಗಕ್ಕೇ ಹೋಗಿ ಕೂರ್ತಿತ್ತು” ಎಂದಳು. “ಈಗ ಹಾಗಲ್ವಾ?”

“ಈಗ ಹಾಗಲ್ಲ. ತಟ್ಟೆಯಮ್ಮನಿಗೋಸ್ಕರ ಬದಲಾಯ್ಸಿದಾರೆ.”

ಅವಳು ನಕ್ಕುಬಿಟ್ಟಳು. ಮರುಕ್ಷಣ ಅಳು ಬಂತು. “ಮಸಿ ಚೆನ್ನಾಗಿದೆ ಸರ್. ನಮ್ಮನೇಲಿದೆ. ನಮ್ಮವರ ಹತ್ರ. ನಮ್ಮವರು ಬಸ್ ಓಡಿಸ್ತಿದ್ರು, ಈಗ ನಿವೃತ್ತಿ. ಮಸಿ ಎರಡು ತಿಂಗಳ ಮರಿ ಆಗಿದ್ದಾಗಿಂದ ಸಾಕಿದ್ದು ಅವರೇ. ವರ್ಷ ಆದ್ಮೇಲೆ ಶಾಲೆಗೆ ಒಪ್ಪಿಸ್ಬೇಕು, ಆಮೇಲೆ ಸಾಕಿದೋರು ನೋಡೋ ಹಾಗಿಲ್ಲ, ನಾಯಿ ಮನಸ್ಸು ಎರಡಾಗುತ್ತೆ ಅಂತ ನಿಯಮ. ನಾನು ದಿನಾ ನೋಡ್ತೀನಿ, ಅವರು ನೋಡಂಗಿಲ್ಲ. ದಿನಾ ಮನೆಗೆ ಹೋದ್ರೆ ನನ್ನ ಕೋಟಿಗೆ ಅಂಟಿರೋ ಕಪ್ಪು ಕೂದಲನ್ನ ಒಂದೊಂದಾಗಿ ಬಿಡಿಸ್ತಾರೆ. ಮಾತಾಡಲ್ಲ. ಹೇಗಿದೆ ಅಂತಲೂ ಕೇಳಲ್ಲ.”

“ಒಂದು ರಾತ್ರಿಗೆ ಅಂತ ಕರ್ಕೊಂಡು ಹೋದ್ರಾ?”

“ಒಂದೇ ರಾತ್ರಿಗೆ. ಮಂಗಳವಾರ ಹೊರಟುಹೋದ್ರೆ ಮತ್ತೆ ಕಣ್ಣಿಗೆ ಬೀಳಲ್ಲ. ಬೆಳಿಗ್ಗೆ ಆರಕ್ಕೆ ವಾಪಸ್ ತರೋದು ಅಂತ ಇದ್ದೆ. ಇವರು ಬಿಡಲಿಲ್ಲ. ನೀನು ಹೋಗಿರು, ಒಂಬತ್ತರೊಳಗೆ ನಾನೇ ತಂದು ಬಿಡ್ತೀನಿ ಅಂದ್ರು. ಅದನ್ನ ನಂಬಿ, ಸಂಜೆ ಎಣಿಕೆಯಲ್ಲಿ ಸಿಕ್ಕಿಬೀಳಬಾರದು ಅಂತ ಅಳಿಸಿದ್ದ ಹೆಸರನ್ನ ಮತ್ತೆ ಹಾಕಿಬಿಟ್ಟೆ. ಇವರು ಬರಲೇ ಇಲ್ಲ. ಆಮೇಲೆ ಬಾಯಿ ಬಿಡೋಕೆ ಧೈರ್ಯ ಆಗ್ಲಿಲ್ಲ.” ಕಣ್ಣೊರೆಸಿಕೊಂಡು ಹೇಳಿದಳು: “ನಾಯಿ ವಿಷಯಕ್ಕೆ ಏನಾದ್ರೂ ಹೇಳಿಕೊಳ್ಳಬಹುದು ಸರ್. ಗೂಬೆ ಟೋಪಿ ಬಿಚ್ಚಿಟ್ಟು ಹೋಗ್ತಿದ್ರೆ ಕಿಟಕಿಲಿ ನಿಂತು ನೋಡ್ದೆನಲ್ಲ, ಅದಕ್ಕೆ ಹೇಳಿಕೊಳ್ಳೋಕೆ ಏನೂ ಇಲ್ಲ.”

ಸಂಜೆ ಐದೂವರೆಗೆ ಜೀಪು ಅವಳ ಮನೆ ಮುಂದೆ ನಿಂತಿತು. ಸ್ವತ್ತನ್ನು ಗುರುತಿಸಲು ಶ್ರುತಿಗಾರನನ್ನೂ ಕರೆತಂದಿದ್ದರು. ಅವನ ಕೈಯಲ್ಲಿ ದಾರಿ ತೋರಿಸುವಾಗ ಮಸಿಗೆ ಕಟ್ಟುವ ಪಟ್ಟಿ ಇತ್ತು, ಚರ್ಮದ್ದು, ಮೇಲೆ ಹಿಡಿಕೆ, ಪಕ್ಕದಲ್ಲಿ ಎರಡು ಕಬ್ಬಿಣದ ಬಳೆ. ಬಾಗಿಲು ತೆರೆದೇ ಇತ್ತು. ಒಳಗೆ ದಪ್ಪ ಮೀಸೆಯ ಹಿರಿಯ ಮನುಷ್ಯ ಕುರ್ಚಿಯಲ್ಲಿ ಕೂತಿದ್ದ, ಅವನ ಎರಡೂ ಪಾದಗಳ ಮೇಲೆ ಕಪ್ಪು ನಾಯಿ ಮಲಗಿತ್ತು. ಹೆಂಡತಿಯ ಪಕ್ಕದಲ್ಲಿ ಮಹಿಳಾ ಪೇದೆಯನ್ನು ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು.

“ನಾನೇ ಹಿಡಿದಿಟ್ಕೊಂಡಿದ್ದು. ಅವಳದ್ದೇನೂ ಇಲ್ಲ” ಎಂದ.

“ಇಬ್ಬರದ್ದೂ ಇದೆ” ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ. “ನಾಯಿಯನ್ನ ಕೊಡಿ.”

“ಕರೀರಿ ನೋಡೋಣ. ನಾನಿರೋವಾಗ ಅದು ಯಾರ ಹತ್ರನೂ ಹೋಗಲ್ಲ.”

ಶ್ರುತಿಗಾರ ಕರೆಯಲಿಲ್ಲ. ಬಾಗಿಲ ಬಳಿ ನಿಂತು ಪಟ್ಟಿಯನ್ನು ಸುಮ್ಮನೆ ಕೆಳಕ್ಕೆ ಇಳಿಬಿಟ್ಟ. ಬಳೆಗಳು ಒಂದಕ್ಕೊಂದು ತಾಗಿದವು. ಮಸಿ ಕಿವಿ ಎತ್ತಿತು. ಹಿರಿಯನ ಮುಖವನ್ನೊಮ್ಮೆ ನೋಡಿ ಅವನ ಅಂಗೈ ನೆಕ್ಕಿತು. ಆಮೇಲೆ ಎದ್ದು ಮೈ ಕೊಡವಿ, ಶ್ರುತಿಗಾರನ ಎಡಗಡೆಗೆ ಹೋಗಿ ನಿಂತು, ತಾನೇ ತಲೆಯನ್ನು ಪಟ್ಟಿಯೊಳಗೆ ತೂರಿಸಿತು.

ಹಿರಿಯ ಎದ್ದು ನಿಂತ. ಯಾರೂ ಅವನನ್ನು ತಡೆಯಲಿಲ್ಲ.

“ಒಂದು ಸುತ್ತು ಹೋಗಿ ಬರ್ತೀನಿ ಸರ್” ಎಂದ ಶ್ರುತಿಗಾರ. “ಇದೇ ನಾಯಿ ಅಂತ ಗುರುತು ಹೇಳ್ಬೇಕಲ್ಲ.”

ಬೀದಿ ಸಂಜೆಯ ಗದ್ದಲದಲ್ಲಿತ್ತು. ಎಲ್ಲರೂ ಗೇಟಿನ ಬಳಿ ನಿಂತು ನೋಡಿದರು. ಕಾಲುದಾರಿಯ ನಡುವೆ ಯಾರೋ ಏಣಿ ನಿಲ್ಲಿಸಿದ್ದರು. ಮಸಿ ಏಣಿಯ ಅಡಿಯಲ್ಲಿ ತಾನು ಸಲೀಸಾಗಿ ನುಸುಳಬಹುದಿತ್ತು. ನುಸುಳಲಿಲ್ಲ. ಮನುಷ್ಯನ ಎತ್ತರ ಲೆಕ್ಕ ಹಾಕಿ ಅವನನ್ನು ಸುತ್ತಿಸಿಕೊಂಡು ಹೋಯಿತು. ಮೂಲೆಯಲ್ಲಿ ದಾರಿಯ ಅಂಚು ಬಂದಾಗ ನಿಂತಿತು. ಶ್ರುತಿಗಾರ ಕಾಲಿನಿಂದ ಅಂಚನ್ನು ತಡವಿ, ಮುಂದೆ ನಡೆ ಎಂದ. ಮಸಿ ಕದಲಲಿಲ್ಲ. ಅವನು ಮತ್ತೊಮ್ಮೆ ಹೇಳಿದರೂ ಕದಲಲಿಲ್ಲ. ಸದ್ದಿಲ್ಲದೆ ಒಂದು ಸೈಕಲ್ಲು ಅವರ ಮುಂದೆ ಹಾದು ಹೋಯಿತು. ಆಮೇಲೆ ಇಬ್ಬರೂ ದಾಟಿದರು.

ಹಿರಿಯನ ಬಾಯಿ ತೆರೆದೇ ಇತ್ತು. “ನಡಿ ಅಂದ್ರೂ ನಿಂತುಬಿಡ್ತಲ್ಲ” ಎಂದ. “ನನ್ನ ಹತ್ರ ಇದ್ದಾಗ ಚಪ್ಪಲಿ ಕಚ್ಚೋದು ಬಿಟ್ರೆ ಏನೂ ಬರ್ತಿರಲಿಲ್ಲ. ಇದು ಕೆಲಸ ಮಾಡೋದನ್ನ ನಾನು ನೋಡೇ ಇರಲಿಲ್ಲ ಕಣೆ.”

“ನಾನು ಹೇಳ್ತಿದ್ನಲ್ಲ” ಎಂದಳು ದೊಡ್ಡಕ್ಕ.

“ಹೇಳಿದ್ರೆ ಏನು ಗೊತ್ತಾಗುತ್ತೆ?”

ಶ್ರುತಿಗಾರ ವಾಪಸ್ ಬಂದು ಇದೇ ನಾಯಿ ಎಂದು ಹೇಳಿದ. ನಿಧಾನವಾಗಿ ಕೇಳಿದ: “ದೂರು ವಾಪಸ್ ತಗೋಬಹುದಾ ಸರ್?”

“ಎಫ್‌ಐಆರ್ ಆದ್ಮೇಲೆ ಅದು ನಮ್ಮ ಕೈಲಿರಲ್ಲ. ನಿಮ್ಮ ಮಾತನ್ನ ನ್ಯಾಯಾಧೀಶರ ಮುಂದೆ ಹೇಳಿ, ಕೇಳ್ತಾರೆ.”

ಆರು ಗಂಟೆಗೆ ಇಬ್ಬರನ್ನೂ ದಸ್ತಗಿರಿ ಮಾಡಿದ್ದಾಗಿ ದಾಖಲಾಯಿತು. ಎಂಟರೊಳಗೆ ಪ್ರೋಗ್ರಾಮರ್ ಮತ್ತು ಪಶುವೈದ್ಯ ಬಂದು ಜಾಮೀನು ನಿಂತು ಬಿಡಿಸಿಕೊಂಡು ಹೋದರು. ಕೆಲಸಕ್ಕೆ ವಾಪಸ್ ಬರಲು ಶಾಲೆಯವರು ಗೂಬೆಗೆ ಅಂದೇ ಹೇಳಿ ಕಳಿಸಿದರು. ಮರುದಿನ ದೊಡ್ಡಕ್ಕ ತಾನೇ ಅವನ ಮನೆಗೆ ಹೋದಳು. ಅವನು ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ. ಅವಳು ಹೊರಗೇ ನಿಂತು ಹೇಳಬೇಕಾದ್ದನ್ನು ಹೇಳಿ ಬಂದಳು. ಭಾನುವಾರದ ಮದುವೆ ಭಾನುವಾರವೇ ಆಯಿತು.

ವರದಿಯಲ್ಲಿ ಅಪರಾಧಕ್ಕೆ ಕಾರಣ ಎಂಬ ಜಾಗವನ್ನು ದಫೇದಾರ ಖಾಲಿ ಬಿಟ್ಟಿದ್ದ. ಏನು ಬರೀಲಿ ಸರ್, ಪ್ರೀತಿ ಅಂತ ಬರೆದ್ರೆ ನಗ್ತಾರೆ ಎಂದ. ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡು ತಾವೇ ಬರೆದರು: “ಸಾಕಿದವನಿಗೆ ತಾನು ಕಳೆದುಕೊಂಡದ್ದು ಮಾತ್ರ ಗೊತ್ತಿತ್ತು. ಅದು ಏನಾಗಿ ಬೆಳೆಯಿತೆಂದು ಯಾರೂ ಅವನಿಗೆ ತೋರಿಸಿರಲಿಲ್ಲ.”